ಮೆಲ್ಬರ್ನಿಗೆ ಬರಲಾರದ ಖಾಲಾ

ಸಣ್ಣ ಮಕ್ಕಳನ್ನ ಕಟ್ಟಿಕೊಂಡು ಪರದೇಶಕ್ಕ ಹೋದವರಿಗೆ ನಗೂವಂಥಾ ಪ್ರಸಂಗಕ್ಕೇನೂ ಬರಗಾಲ ಇಲ್ರಿ. ದಿನಾ ಒಂದಿಲ್ಲೊಂದು ನಡೀತಾವ. ಕೂಡಿ ನಗಾಕ ಓಣ್ಯಾಗ ಮಂದಿ ಇರಂಗಿಲ್ಲ, ಅಷ್ಟ.

ನಾ ರೋಣದಾಗ ದವಾಖಾನಿ ನರ್ಸ್ ಇದ್ದೆ. ನಾನೂ ನಮ್ಮವರೂ ಡ್ಯೂಟಿಗೆ ಹೋದ್ರ ಮಗಳು ಸಾಲಿಗೆ, ಮಗಾ ಎದುರು ಮನಿಗೆ. ಅಲ್ಲಿ ಕೌದಿ ಹೊಲಿಯೋ ಹೆಣ್ಮಗಳು, ಮಕ್ಕಳ ಬಾಯಾಗ ಖಾಲಾ, ಅಂದ್ರ ಚಿಗವ್ವ. ಆಕಿ ತಾಟಿನ್ಯಾಗ ಉಂಡು, ಆಕಿ ಕೌದಿ ಮ್ಯಾಲೆ ಮಲಗಿ ಮಗಾ ಮೂರು ವರ್ಷದವ ಆದ. ಮೆಲ್ಬರ್ನಿನ್ಯಾಗ ನನಗ ನೌಕರಿ ಆದಾಗ ಖಾಲಾ ಕೇಳಿದ್ದು ಒಂದ ಮಾತು. "ಸಿಸ್ಟರ್, ಈ ಕೂಸು ನನ್ನ ಮರೀಲಾರದಂಗ ನೋಡ್ಕೋರಿ."

"ಹ್ಯಾಂಗ ಮರೀತಾನ, ಬಿಡ್ರಿ" ಅಂದೆ ನಾ, ಎಲ್ಲಾ ತಿಳಿದಾಕಿ.

೧. ಹಿಂದಿನ ಗಾಡಿ

ಹೊರಡೂ ದಿನ ಮಗಾ ಕಾರ್ ಹತ್ತಲೊಲ್ಲ. "ಖಾಲಾ ಹಿಂದಿನ ಗಾಡ್ಯಾಗ ಬರ್ತಾಳ" ಅಂತ ನಮ್ಮವರು ಬುರುಡಿ ಬಿಟ್ಟು ಹತ್ತಿಸಿದ್ರು.

ಮೆಲ್ಬರ್ನಿನ್ಯಾಗ ಇಳಿದು, ಸಾಮಾನು ತಿರುಗಿಕೋಂತ ಬರೋ ಪಟ್ಟಿ ಮುಂದ ನಿಂತ್ವಿ. ನಮ್ಮ ಚೀಲ ಬಂದ್ವು. ಮಗಾ ಜಾಗಾ ಬಿಟ್ಟು ಅಲುಗವಲ್ಲ. ಪಟ್ಟಿ ಖಾಲಿ ಆಗಿ ನಿಂತೂ ಬಿಡ್ತು. ಅವ ಬಗ್ಗಿ, ಚೀಲ ಬರೋ ಕಿಂಡ್ಯಾಗ ಮಾರಿ ಹಾಕಿ, "ಖಾಲಾ, ಲಗೂ ಬಾ, ಎಲ್ಲಾರೂ ಹೊಂಟಾರ" ಅಂತ ಒದರಿದ. ನನಗ ಅಳು ತಡೀಲಿಲ್ಲ.

ಅಲ್ಲಿದ್ದ ಕೆಲಸದವ ಪಾಪ ಓಡಿ ಬಂದು, ಕಳಕೊಂಡ ಚೀಲ ಯಾವ ಬಣ್ಣದ್ದು ಅಂತ ನನ್ನ ಕೇಳಿದ.

೨. ಹೇಳಿ ಬರಬೇಕು

ಬಾಜೂ ಮನ್ಯಾಗ ಒಬ್ಬ ಮುದುಕ. ಒಂದು ಮುಂಜಾನಿ ಅವನ ಬಾಗಲಾ ತೆಗೆದಿತ್ತು. ನನ್ನ ಮಗಾ ನೆಟ್ಟಗ ಅಡಗಿಮನಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಂತು ತುತ್ತಿಗೆ ಬಾಯಿ ತೆಗೆದಾನ. ಮುದುಕ ಹೆದರಿ ಬ್ರೆಡ್ ಕೊಟ್ಟು, ಕೈ ಹಿಡಕೊಂಡು ತಂದು ಬಿಟ್ಟ. ಭಾಳ ಮರ್ಯಾದಿಯಿಂದ ಹೇಳಿದ, ಇನ್ನೊಮ್ಮೆ ಬರೂ ಮುಂಚೆ ಫೋನ್ ಮಾಡಬೇಕಂತ. ಮೂರು ವರ್ಷದ ಹುಡುಗ ಫೋನ್ ಹಚ್ಚಿ, ಹಸಿವಾಗೇತಿ ಬರ್ಲೇನು ಅಂತ ಕೇಳಬೇಕಂತ.

ಅವತ್ತಿಂದ ನಾ ಪಾಠ ಚಾಲೂ ಮಾಡಿದೆ. ಯಾರ ಮನ್ಯಾದ್ರೂ ಬಾಗಲಾ ಬಡೀಬೇಕು, ಹೊರಗ ನಿಂದರಬೇಕು, ಕೇಳಬೇಕು. ಹುಡುಗ ಶ್ಯಾಣ್ಯಾ, ಒಂದ ವಾರದಾಗ ಕಲಿತ. ಹಾಲು ಬೇಕಾದ್ರ ಫ್ರಿಜ್ಜಿನ ಬಾಗಲಾ ಬಡದು ಕೈ ಕಟ್ಟಿ ನಿಂದರಾಕ ಹತ್ತಿದ.

೩. ಕಿವಿ

ವಿಡಿಯೋ ಕಾಲ್ ಇದ್ರೂ ಖಾಲಾ ಫೋನ್ ಕಿವಿಗೇ ಹಿಡೀತಾಳ. "ಮಾರಿ ತೋರ್ಸ್ರಿ" ಅಂತ ನಾನೂ ಮಗಳೂ ಎಷ್ಟು ಬಡಕೊಂಡ್ರೂ ಆಕಿಗೆ ಕೇಳೂದ ಮುಖ್ಯ. ಬರಬರತ ಮಗನಿಗೆ ಆಕಿ ಮಾರಿ ಅಳಿಸಿ ಹೋತು.

ಸಾಲ್ಯಾಗ ಮನಿ ಮಂದಿ ಚಿತ್ರಾ ತೆಗೀರಿ ಅಂದ್ರ, ನಾಕು ಮಂದೀನೂ, ಬಾಜೂಕ ಒಂದು ದೊಡ್ಡ ಕಿವೀನೂ ತೆಗೆದ. ಟೀಚರ್ ನನ್ನ ಕರೆಸಿ, ಮನ್ಯಾಗ ಎಲ್ಲಾ ಆರಾಮ ಅದೇನು ಅಂತ ಕೇಳಿದ್ರು.

ಖಾಲಾಗ ಹೇಳಿದೆ. "ಕಿವಿಗೆ ಝುಮಕಿ ಹಾಕ್ಯಾನೇನು ನೋಡ್ರಿ" ಅಂದಳು.

೪. ಮನಿಗೆ ಬಂದ ಪಾಹುಣ್ಯಾ

ಎರಡು ವರ್ಷಕ್ಕ ರೋಣಕ್ಕ ಬಂದ್ವಿ. ಮಗಳು ಒಂದ ಓಟಕ್ಕ ಹೋಗಿ ಖಾಲಾನ ಕೊರಳಿಗೆ ಬಿದ್ದಳು. ಮಗಾ ತೆಗೆದ ಬಾಗಲಾನ ಎರಡು ಸಲ ಬಡದ, ಹೊಸ್ತಿಲ ಹೊರಗ ನಿಂತು ಇಂಗ್ಲಿಷ್‌ನ್ಯಾಗ ಏನೋ ಕೇಳಿದ.

"ಏನಂತಾನ್ರಿ ಸಿಸ್ಟರ್?"

"ಒಳಗ ಬರಬಹುದೇನು ಅಂತಾನ್ರಿ." ಕಲಿಸಿದಾಕಿ ನಾನ ಅಲ್ಲೇನು.

ಖಾಲಾ ಹಿಟ್ಟಿನ ಕೈ ಒರಿಸಿಕೊಂಡು, ತಲಿ ಮ್ಯಾಲೆ ಸೆರಗು ಹೊತ್ತು, "ಬರ್ರಿ ಸಾಹೇಬ್ರ, ಕುಂದರ್ರಿ" ಅಂದಳು. ನಾವೆಲ್ಲಾ ನಕ್ಕ್ವಿ. ಅವ ಬಂದು ಕುರ್ಚಿ ತುದೀಗೆ ಕುಂತ. ಖಾಲಾ ಬೀಗರಿಗೆ ಇಟ್ಟಿದ್ದ ಹೂವಿನ ಕಪ್ಪು ತೆಗೆದು, ಬಸಿ ಮ್ಯಾಲೆ ಇಟ್ಟು ಹಾಲು ತಂದು ಕೊಟ್ಟಳು.

"ಥ್ಯಾಂಕ್ಯೂ" ಅಂದ ಮಗಾ.

ಖಾಲಾ ನನ್ನ ಕಡೆ ನೋಡಿ ಸಣ್ಣ ದನಿಲೆ ಕೇಳಿದಳು. "ಇದಕ್ಕ ನಾ ಏನ ಅನ್ನಬೇಕ್ರಿ, ಸಿಸ್ಟರ್?"