ಮಿಷನ್ ಬಿಡುಗಡೆ ಮತ್ತು ಇತರ ಗೋಳುಗಳು

ನಮ್ಮ ಮನೆತನದ ಬಗ್ಗೆ ನಂಜನಗೂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಾತ ಹೆಮ್ಮರಗಾಲದ ಕಡೆ ಪಟೇಲರಾಗಿದ್ದವರು. ಅವರ ಎದುರು ಯಾರೂ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮಾತನಾಡಿದ್ದಿಲ್ಲ. ತಂದೆ ಶಾಲೆಗೆ ಜಾಗ ಬಿಟ್ಟುಕೊಟ್ಟವರು. ಮಾವನವರ ಅಕ್ಕಿ ಗಿರಣಿಯ ತಕ್ಕಡಿಯ ಮೇಲೆ ಈವರೆಗೆ ಒಬ್ಬರೂ ಅನುಮಾನಪಟ್ಟಿಲ್ಲ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಸಾಕ್ಸ್ ಜಾರಿದ್ದರೂ ಸಿಸ್ಟರುಗಳು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಇಷ್ಟು ಶಿಸ್ತಿನಲ್ಲಿ ಬೆಳೆದವಳಿಗೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವಲ್ಲ, ಅದೇ ನನಗೆ ಅರ್ಥವಾಗದ್ದು. ನಮ್ಮೂರ ಮಹಿಳಾ ಸೇವಾ ಕ್ಲಬ್ಬಿನ ಅಧ್ಯಕ್ಷೆಯಾದ ಮೇಲಂತೂ ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು.

ಈ ವರ್ಷ ಜಿಲ್ಲಾ ಅಧ್ಯಕ್ಷೆಯವರಿಂದ ಸೂಚನೆ ಬಂತು. ಪ್ರತಿಯೊಂದು ಕ್ಲಬ್ಬೂ ಮುಂದಿನ ಮೂರು ವರ್ಷದ ಯೋಜನೆ ಮಾಡಬೇಕು, ಗುರಿಗಳನ್ನು ಗೊತ್ತುಪಡಿಸಬೇಕು. ಅವರೇ ಬಂದು ನೋಡುತ್ತಾರೆ. ಒಪ್ಪಿಗೆಯಾಗದಿದ್ದರೆ ಆ ಕ್ಲಬ್ಬನ್ನು ಪಕ್ಕದ ತಾಲ್ಲೂಕಿನ ಕ್ಲಬ್ಬಿಗೆ ಸೇರಿಸಿಬಿಡುತ್ತಾರೆ. ನಮಗೆ ಪಕ್ಕ ಎಂದರೆ ಟಿ. ನರಸೀಪುರ. ಅಲ್ಲಿನ ಅಧ್ಯಕ್ಷೆ ಆಗಲೇ ನಮ್ಮ ಸದಸ್ಯೆಯೊಬ್ಬರಿಗೆ, “ಇನ್ನು ಮೀಟಿಂಗಿಗೆ ನಮ್ಮೂರಿಗೇ ಬರಬೇಕಾಗುತ್ತೆ ಕಣ್ರೀ, ಬಸ್ಸಿನ ಟೈಮ್ ತಿಳ್ಕೊಂಡಿರಿ” ಎಂದಿದ್ದರಂತೆ. ಅದು ಕಿವಿಗೆ ಬಿದ್ದ ದಿನದಿಂದ ನನಗೆ ಊಟ ಸೇರಲಿಲ್ಲ.

ವೀಕ್ನೆಸ್

ಯೋಜನೆಗೆ ಮೊದಲು ನಮ್ಮನ್ನು ನಾವು ಪರೀಕ್ಷಿಸಿಕೊಳ್ಳಬೇಕಂತೆ. ಸಭೆ ಕರೆದು, “ಒಬ್ಬೊಬ್ಬರೂ ಒಂದೊಂದು ವೀಕ್ನೆಸ್ ಹೇಳಿ. ಸಂಕೋಚ ಬೇಡ” ಎಂದೆ.

ಖಜಾಂಚಿ ಎದ್ದು ನಿಂತರು. “ನನಗೆ ಮೆಟ್ಟಿಲು ಹತ್ತಿದರೆ ಮಂಡಿ ಹಿಡ್ಕೊಳ್ಳುತ್ತೆ ಮೇಡಂ.”

ಪಕ್ಕದವರು, “ನನಗೆ ಬೆಳಿಗ್ಗೆ ಎದ್ದ ತಕ್ಷಣ ತಲೆ ಸುತ್ತು” ಎಂದರು.

ಇನ್ನೊಬ್ಬರು, “ನನಗೂ ಇತ್ತು ಕಣ್ರೀ. ಟಾನಿಕ್ ಕುಡಿದ ಮೇಲೆ ಎಷ್ಟೋ ವಾಸಿ” ಎಂದು ಟಾನಿಕ್ಕಿನ ಹೆಸರನ್ನೂ ಹೇಳಿದರು. ನಾಲ್ಕೈದು ಜನ ಬರೆದುಕೊಂಡರು.

ನಾನು ಮೇಜು ಕುಟ್ಟಿ, “ದೇಹದ್ದಲ್ಲ! ಕ್ಲಬ್ಬಿನ ವೀಕ್ನೆಸ್!” ಎಂದೆ. ಬರೆದುಕೊಂಡವರು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡರು. ಹೋಗಲಿ, ಒಳ್ಳೆಯದರಿಂದಲೇ ಶುರುಮಾಡೋಣವೆಂದು, “ಕ್ಲಬ್ಬಿನ ಸ್ಟ್ರೆಂತ್ ಏನು, ಅದನ್ನಾದರೂ ಹೇಳಿ” ಎಂದೆ.

ಕಾರ್ಯದರ್ಶಿ ಥಟ್ಟನೆ ಹೇಳಿದರು: “ಇಪ್ಪತ್ತು ಮೇಡಂ. ಇವತ್ತು ಬಂದಿರೋದು ಒಂಬತ್ತು.”

ಮೂರು ವರ್ಷದಲ್ಲಿ ಒಂದು ವಾರ

ಗುರಿ ಎಂದ ಮೇಲೆ ಅದಕ್ಕೊಂದು ಕಾಲಮಿತಿ ಇರಬೇಕು. ಗೋಡೆಯ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಹರಡಿದೆ. ಆರೋಗ್ಯ ಶಿಬಿರ ಯಾವಾಗ?

“ಆಷಾಢದಲ್ಲಿ ಹೊಸದೇನೂ ಶುರುಮಾಡಬಾರದು ಮೇಡಂ” ಎಂದರು ಖಜಾಂಚಿ. ಹೊಡೆದು ಹಾಕಿದೆ.

“ಶ್ರಾವಣದಲ್ಲಿ ಮನೆ ತುಂಬ ಪೂಜೆ.” ಹೊಡೆದೆ.

“ಪಿತೃಪಕ್ಷ.” ಅದನ್ನು ನಾನೇ ಹೊಡೆದೆ.

“ದಸರಾಕ್ಕೆ ನೆಂಟರು ಬರ್ತಾರೆ. ಧನುರ್ಮಾಸ ಆಗಲ್ಲ. ಆಮೇಲೆ ಮಕ್ಕಳ ಪರೀಕ್ಷೆ. ಆಮೇಲೆ ಮದುವೆಗಳು.”

ಕೊನೆಗೆ ಕಾರ್ತಿಕದಲ್ಲಿ ಒಂದೇ ಒಂದು ವಾರ ಉಳಿಯಿತು. ಮೂರು ವರ್ಷದ ಸೇವೆಯನ್ನೆಲ್ಲ ವರ್ಷಕ್ಕೊಂದರಂತೆ ಆ ವಾರಗಳಿಗೇ ತುಂಬುವುದೆಂದು ನಿರ್ಧರಿಸಿದೆ. ಆಗ ಕಾರ್ಯದರ್ಶಿ ಮೆಲ್ಲಗೆ, “ಆ ವಾರ ನಾವೆಲ್ಲ ಟೂರ್ ಹೊರಟಿದೀವಿ ಮೇಡಂ. ನಿಮಗೂ ಸೀಟ್ ಹಿಡಿದಿದೀವಿ” ಎಂದರು.

ಗೋಲ್

ಜನರಿಗೆ ಏನು ಬೇಕೆಂದು ಜನರನ್ನೇ ಕೇಳಬೇಕು ಎಂಬುದು ಯೋಜನೆಯ ಮತ್ತೊಂದು ನಿಯಮ. ಕಾರ್ಯದರ್ಶಿಯನ್ನು ಕರೆದುಕೊಂಡು ಹದಿನಾರು ಎಂಬ ಹಳ್ಳಿಗೆ ಹೋದೆ. ಒಂದು ಜಗಲಿಯ ಮೇಲೆ ಹೆಂಗಸರು ಸೇರಿದರು. ನಾನು ನೆಟ್ಟಗೆ ಕೂತು, “ನೋಡಿ, ಪ್ರತಿಯೊಬ್ಬ ಹೆಣ್ಣಿಗೂ ಜೀವನದಲ್ಲಿ ಒಂದು ಗೋಲ್ ಇರಬೇಕು. ನಿಮ್ಮ ಗೋಲ್ ಏನು ಹೇಳಿ” ಎಂದೆ.

ಹಿರಿಯಳೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ ಗೋಳಾ? ಒಂದಾ ಎಲ್ಡಾ ಕಣವ್ವ! ಇಷ್ಟ್ ವರ್ಸಕ್ಕೆ ನೀವೊಬ್ರು ಕೇಳ್ದ್ರಿ ನೋಡಿ!”

ಶುರುವಾಯಿತು. ಒಬ್ಬಳ ಎಮ್ಮೆ ಗಬ್ಬ ನಿಲ್ಲದು. ಒಬ್ಬಳ ಅಳಿಯ ಹಬ್ಬಕ್ಕೆ ಬಂದವನು ಹೋಗುತ್ತಲೇ ಇಲ್ಲ. ಒಬ್ಬಳ ಸೊಸೆ ಮೊಬೈಲು ನೋಡಿಕೊಂಡೇ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ. ಅದನ್ನು ಕೇಳಿ ನಮ್ಮ ಕಾರ್ಯದರ್ಶಿಯೂ, “ನಮ್ಮನೇಲೂ ಹಂಗೇ ಕಣ್ರವ್ವಾ” ಎಂದು ಕಣ್ಣೊರೆಸಿಕೊಂಡರು. ಗೋಲ್ ಎಂದರೆ ಗೋಳಲ್ಲ, ಗುರಿ ಎಂದು ನಾನು ಹೇಳಿದ್ದು ಆ ಅಳುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಹಿರಿಯಳು ನನ್ನ ಕೈ ಹಿಡಿದು, “ನಮ್ದಾಯ್ತು. ನಿಮ್ ಮೊಕಾನೂ ಬಾಡೋಗದೆ. ಈಗ ನಿಮ್ ಗೋಳ್ ಏನು, ಅದ್ನೂ ಏಳ್ಬುಡಿ” ಎಂದಳು.

ನನ್ನ ಬಾಯಿಂದ ಒಂದೇ ಮಾತು ಬಂತು: “ನರಸೀಪುರ.”

ಮಿಷನ್

ಕೊನೆಗೆ ಆ ದಿನ ಬಂದೇ ಬಂತು. ಅಂದು ಜಿಲ್ಲಾ ಅಧ್ಯಕ್ಷೆಯವರ ಎದುರು ನಾವು ನಮ್ಮ ‘ಮಿಷನ್’ ಬಿಡುಗಡೆ ಮಾಡಬೇಕು. ಮಿಷನ್ ಎಂದರೆ, ನಮ್ಮ ಕ್ಲಬ್ ಏತಕ್ಕಾಗಿ ಇದೆ ಎಂದು ಒಂದೇ ವಾಕ್ಯದಲ್ಲಿ ಹೇಳುವುದು. ಆ ವಾಕ್ಯವನ್ನು ತಿದ್ದಿ ತಿದ್ದಿ ನನ್ನ ತಲೆ ಕೆಟ್ಟಿತ್ತು. ಅದಕ್ಕಿಂತ ದೊಡ್ಡ ಭಯವೆಂದರೆ ಖಾಲಿ ಕುರ್ಚಿಗಳು. ಜನ ಬರಲಿ ಎಂದು ಹಳ್ಳಿಗಳಿಗೆ ಮೈಕಿನ ಆಟೋ ಕಳಿಸಿದ್ದೆ. ನಾನು ಹೇಳಿಕೊಟ್ಟ ಮಾತು ಇಷ್ಟೇ: “ಮಹಿಳಾ ಕ್ಲಬ್ ವತಿಯಿಂದ ಮಿಷನ್ ಬಿಡುಗಡೆ. ಮಹಿಳೆಯರೆಲ್ಲರೂ ತಪ್ಪದೆ ಬನ್ನಿ.”

ಬಂದರು. ಬಿಳಿಗೆರೆಯಿಂದ ಟೆಂಪೋ ಮಾಡಿಕೊಂಡು ಬಂದರು, ಹೆಮ್ಮರಗಾಲದಿಂದ ಬಂದರು. ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿಲ್ಲ. ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂತಿದ್ದ ನರಸೀಪುರದ ಅಧ್ಯಕ್ಷೆಯ ಮುಖ ಹರಳೆಣ್ಣೆ ಕುಡಿದಂತಾಗಿತ್ತು. ಎಷ್ಟೋ ದಿನಗಳ ಮೇಲೆ ನಾನು ನೆಮ್ಮದಿಯಾಗಿ ಉಸಿರು ಬಿಟ್ಟೆ.

ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಒಂದು ಚಪ್ಪಾಳೆಯೂ ಇಲ್ಲ. ಬಿಳಿಗೆರೆಯ ಅಜ್ಜಿಯೊಬ್ಬಳು ಎದ್ದಳು.

“ಅದೆಲ್ಲ ಇರ್ಲಿ ಕಣವ್ವ. ಮಿಸನ್ನು ಎಲ್ಲದೆ?”

“ಈಗ ಓದಿದೆನಲ್ಲಮ್ಮ, ಅದೇ ಮಿಷನ್” ಎಂದೆ.

“ಓದೋದಲ್ಲ ಕಣವ್ವ, ಒಲಿಯೋದು! ಬಟ್ಟೆ ಒಲಿಯೋ ಮಿಸನ್ನು! ಕಾಲಲ್ಲಿ ತುಳಿಯೋದಾ, ಕರೆಂಟಿಂದಾ? ನನ್ ಸೊಸೆ ಜಾಗ ಬುಟ್ಕಂಡು ಕಾಯ್ತಾವ್ಳೆ!”

ಆಗ ನನಗೆ ಹೊಳೆಯಿತು. ಭವನದ ತುಂಬ ಕುಳಿತವರೆಲ್ಲ ಹೊಲಿಗೆ ಯಂತ್ರಕ್ಕಾಗಿ ಬಂದವರು! ಕೆಲವರು ಹೊತ್ತುಕೊಂಡು ಹೋಗಲು ಗಂಡಂದಿರನ್ನೂ ಕರೆತಂದಿದ್ದರು. ಮುಗಿಯಿತು, ಇನ್ನು ನರಸೀಪುರದ ಬಸ್ಸೇ ಗತಿ ಎಂದುಕೊಂಡೆ.

ಜಿಲ್ಲಾ ಅಧ್ಯಕ್ಷೆಯವರು ಮೈಕು ತೆಗೆದುಕೊಂಡರು. “ಅಜ್ಜಿ, ಈ ಊರಿಗೆ ಇಂಥದೊಂದು ಕ್ಲಬ್ ಬೇಕೋ ಬೇಡವೋ?”

ಅಜ್ಜಿ ಯೋಚಿಸಿದಳು. “ಮಿಸನ್ ಕೊಡಂಗಿದ್ರೆ ಇರ್ಲಿ. ಇಲ್ದೇ ಓದ್ರೆ ಯಾಕವ್ವ?”

ಜಿಲ್ಲಾ ಅಧ್ಯಕ್ಷೆಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನಾನು ನೋಡಿದ ಕ್ಲಬ್ಬುಗಳಲ್ಲೆಲ್ಲ ಇಷ್ಟು ಚೊಕ್ಕವಾದ ಮಿಷನ್ ಹೇಳಿದವರು ಈ ಅಜ್ಜಿಯೊಬ್ಬರೇ. ಮೇಡಂ, ನಿಮ್ಮ ವಾಕ್ಯ ತೆಗೆದು ಅದನ್ನೇ ಹಾಕಿಕೊಳ್ಳಿ. ಮೊದಲ ವರ್ಷ ಹೊಲಿಗೆ ತರಗತಿ. ನಂಜನಗೂಡು ಕ್ಲಬ್ ನಂಜನಗೂಡಿನಲ್ಲೇ ಇರುತ್ತದೆ” ಎಂದರು. ಆಗ ಬಿತ್ತು ನೋಡಿ ಚಪ್ಪಾಳೆ. ಅಜ್ಜಿ ಮಾತ್ರ ಕೈ ತಟ್ಟಲಿಲ್ಲ. “ಕೊಟ್ಮೇಲೆ ತಟ್ತೀನಿ” ಎಂದಳು.

ಇಷ್ಟು ಹೊತ್ತು ಎಲ್ಲರೂ ನಕ್ಕದ್ದಾಯಿತು. ನಾನೂ ನಕ್ಕೆ. ಆದರೆ ನರಸೀಪುರದ ಅಧ್ಯಕ್ಷೆ ಕಾರು ಹತ್ತುವಾಗ ನಾಲ್ಕು ಜನರ ಎದುರು ಒಂದು ಮಾತು ಹೇಳಿ ಹೋದರು: “ಎಲೆಕ್ಷನ್ನಿಗೆ ಕರೆಸೋ ಹಾಗೆ ಬಿರಿಯಾನಿ ಕೊಟ್ಟು ಜನ ತುಂಬಿಸಿದಾರೆ ಬಿಡ್ರೀ.”

ನಮ್ಮದು ಲಿಂಗ ಕಟ್ಟಿದವರ ಮನೆ. ಅಂದು ಕೊಟ್ಟದ್ದು ಉಪ್ಪಿಟ್ಟು, ಕೇಸರಿಬಾತು. ಆಕೆಯೂ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದಾರೆ. ಅವರು ಕ್ಷಮೆ ಕೇಳಬೇಕು. ಮೈಕಿನಲ್ಲಿ ಕೇಳಬೇಕು.