ಮಾವ ಎಂಜಿನ್ ಬಂದ್ ಮಾಡಿದ್ದು

ನಮ್ಮ ಸೋದರಮಾವನ ಕಾರು ಓಡಿ ಕುಡಿದ ಪೆಟ್ರೋಲಿಗಿಂತ ನಿಂತಲ್ಲೇ ನಿಂತು ಕುಡಿದದ್ದು ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ, ಕೋಟದ ಯಾವ ಅಂಗಡಿಯಲ್ಲಿ ಬೇಕಾದರೂ ಕೇಳಿ ನೋಡಿ! ಅತ್ತೆ ಬಸಳೆ ಆರಿಸುವಾಗ, ನಾನು ಬ್ಯಾಂಕಿನ ಸಾಲಿನಲ್ಲಿ ನಿಂತಿರುವಾಗ, ಹೊರಗೆ ಆ ಕಾರು ಗುರ್ ಗುರ್ ಎನ್ನುತ್ತಲೇ ಇರುತ್ತದೆ. ಇಳಿದವರು ತಿರುಗಿ ಬಂದು ಕೂರುವವರೆಗೆ ಮಾವ ಎಂಜಿನ್ ಬಂದ್ ಮಾಡುವವರಲ್ಲ.

ಕಾರಣ ಊರಿಗೆಲ್ಲ ಗೊತ್ತು. ಮಾವ ಗಂಗೊಳ್ಳಿಯಲ್ಲಿ ಮೀನು ಹಿಡಿಯುವ ಬೋಟಿನ ತಾಂಡೇಲರಾಗಿದ್ದವರು. ಬೋಟಿನಲ್ಲಿ ತಾಂಡೇಲ ಹೇಳಿದ್ದೇ ಕೊನೆಯ ಮಾತು. ನಾನು ಐದನೇ ಕ್ಲಾಸಿನ ಹುಡುಗಿಯಾಗಿದ್ದಾಗ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅವರ ಬೋಟಿನ ಎಂಜಿನ್ ನಿಂತಿತು. ತೆರೆ ಬೋಟನ್ನು ಮಗುಚಿ ಹಾಕಿತು. ಮಾವ ಈಜಿ ಬಂದರು. ಅದೇ ಬೋಟಿನಲ್ಲಿದ್ದ ನನ್ನ ಅಪ್ಪಯ್ಯ ಬರಲಿಲ್ಲ. ಅಂದಿನಿಂದ ಎಂಜಿನ್ ನಿಂತರೆ ಯಾರದೋ ಜೀವ ಹೋಗುತ್ತದೆ ಎಂಬ ಹೆದರಿಕೆ ಮಾವನ ಹೊಟ್ಟೆಯೊಳಗೆ ಕೂತುಬಿಟ್ಟಿದೆ. ಹಾಗಂತ ನಗು ಬಂದರೆ ತಡೆದುಕೊಳ್ಳಬೇಡಿ, ನಾವೂ ನಗುತ್ತೇವೆ. ಇಲ್ಲದಿದ್ದರೆ ಇವರ ಜೊತೆ ಏಗುವುದು ಹೇಗೆ ಮಾರಾಯ್ರೆ?

ವಂಡ್ಸೆಯ ಒಂದು ಮದುವೆಗೆ ಹೋಗಿದ್ದೆವು. ಛತ್ರದ ಎದುರು ಕಾರು ಗುರ್ ಗುರ್. ಬೋಟಿನಲ್ಲಿ ರಾತ್ರಿ ಕಾವಲಿಗೆ ಪಾಳಿ ಇರುತ್ತದಲ್ಲ, ಇಲ್ಲೂ ಹಾಗೆಯೇ! ಅತ್ತೆ ಮೊದಲ ಪಂಕ್ತಿಗೆ, ನಾನು ಎರಡನೆಯದಕ್ಕೆ, ಮಾವ ಮೂರನೆಯದಕ್ಕೆ. ಒಬ್ಬರಾದರೂ ಕಾರಿನಲ್ಲಿ ಕೂತಿರಲೇಬೇಕು. ಮದುಮಗಳ ಅಪ್ಪ ಓಡಿ ಬಂದರು.

"ಹ್ವಾಯ್, ಕಾರ್ ಬಂದ್ ಮಾಡಿ ಉಂಬುಕೆ ಬನ್ನಿ! ಯಾರ್ ಕದ್ಕಂಡ್ ಹೋತ್ರ್ ಇದನ್ನ?"

"ಕದ್ಕಂಡ್ ಹೋದ್ರೂ ಅಡ್ಡಿಲ್ಲೆ. ಎಂಜಿನ್ ನಿಂತ್ರೆ ಮಾತ್ರ ಆತಿಲ್ಲೆ" ಎಂದರು ಮಾವ. ಮೂರನೇ ಪಂಕ್ತಿಗೆ ಹೋಳಿಗೆ ಮುಗಿದಿತ್ತು.

ಕಳೆದ ಮಳೆಗಾಲದಲ್ಲಿ ಕಾರಿಗೇ ಚಳಿಜ್ವರ ಹಿಡಿಯಿತು. ಸ್ಟಾರ್ಟ್ ಮಾಡಿದರೆ ಗಡಗಡ ನಡುಕ, ಸ್ಟೇರಿಂಗಿನ ಎದುರು ಎಂಜಿನ್ನಿನ ಹಳದಿ ದೀಪ. ಒಂದು ದಿನ ಸೇತುವೆಯ ನಟ್ಟನಡುವೆ ಎರಡು ಸಲ ಬಿಕ್ಕಳಿಸಿ ಮುಗ್ಗರಿಸಿತು. ಹಿಂದೆ ಮೀನಿನ ಲಾರಿಯ ಹಾರ್ನು, ಕೆಳಗೆ ತುಂಬಿದ ಹೊಳೆ.

"ಗ್ಲಾಸ್ ಇಳ್ಸ್! ನಿಂಗೆ ಈಜುಕೆ ಬತ್ತಾ?" ಎಂದರು ಮಾವ.

ಕಾರಿನಲ್ಲಿ ಕೂತವರಿಗೆ ಕೇಳುವ ಪ್ರಶ್ನೆಯೇ ಇದು? ಬೇರೆ ದಿನವಾದರೆ ನಗುತ್ತಿದ್ದೆ. ಆದರೆ ನನ್ನ ರಟ್ಟೆ ಹಿಡಿದ ಅವರ ಕೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ನನಗೂ ಭಯವಾಯಿತು. ಹೇಗೋ ಸೇತುವೆ ದಾಟಿದೆವು.

ಕೋಟದ ಮೆಕ್ಯಾನಿಕ್ ಎಂಜಿನ್ನಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ಫೋನಿನಲ್ಲಿ ತೋರಿಸಿದ. ಗಾಳಿ ಒಳಗೆ ಹೋಗುವ ವಾಲ್ವುಗಳ ಮೇಲೆ ಕರಿ ಹೆಕ್ಕಳೆ, ತಳ ಹಿಡಿದ ಗಂಜಿ ಪಾತ್ರೆಯಂತೆ.

"ಹಳೇ ನಮೂನಿ ಕಾರಗೆ ಪೆಟ್ರೋಲ್ ವಾಲ್ವಿನ್ ಮೇಲೇ ಬಿದ್ದ್ ತೊಳ್ಕಂಡ್ ಹೋತಿತ್ತ್. ಇದ್ರಗೆ ಸೀದಾ ಸಿಲಿಂಡರ್ ಒಳ್ಗೆ ಚಿಮ್ಮುತ್ತ್. ವಾಲ್ವ್ ತೊಳುಕೆ ಯಾರೂ ಇಲ್ಲೆ, ಎಣ್ಣಿ ಆವಿ ಕೂತ್ ಕಾರ್ಬನ್ ಆತ್ತ್. ನೀವ್ ನಿಲ್ಸ್ಕಂಡ್ ಗಂಟೆಗಟ್ಲೆ ಎಂಜಿನ್ ಓಡ್ಸ್ತ್ರಿ ಅಲ್ದಾ? ಅದ್ಕೇ ಇಷ್ಟ್ ಕಟ್ಟದ್ದ್."

ಮಾವನ ಮುಖ ನೋಡಬೇಕಿತ್ತು! ಎಂಜಿನ್ ನಿಲ್ಲಬಾರದೆಂದು ಇಷ್ಟು ದಿನ ಮಾಡಿದ್ದೇ ಈಗ ಎಂಜಿನ್ನನ್ನು ನಿಲ್ಲಿಸಲು ಹೊರಟಿತ್ತು. ಆ ಕರಿ ತೆಗೆಯಲು ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆಯುತ್ತಾರಂತೆ.

"ಅಕ್ರೋಟ್ ಎಂತಕೆ? ನಮ್ಮನಿ ಹಿಂದೆ ಕಾಯಿ ಕರಟ ರಾಶಿ ಬಿದ್ದಿತ್ತ್, ತಂದ್ ಕೊಡ್ತೆ" ಎಂದರು ಮಾವ. ಮೆಕ್ಯಾನಿಕ್ ಕೈಮುಗಿದ.

ಎರಡು ದಿನ ಬಿಟ್ಟು ಕಾರು ಕೊಡುವಾಗ ಅವನು ಗಟ್ಟಿಯಾಗಿಯೇ ಹೇಳಿದ. "ಹೈವೇಯಗೆ ಆಗಾಗ ಸ್ವಲ್ಪ ಜೋರ್ ಓಡ್ಸಿ. ನಿಲ್ಸ್ರೆ ಬಂದ್ ಮಾಡಿ. ಇಲ್ದಿದ್ರೆ ಮತ್ತೆ ನಡು ದಾರಿಯಗೆ ಕೈ ಕೊಡತ್ತ್ ಕಾಣಿ."

ಆ ಭಾನುವಾರ ನಾವಿಬ್ಬರೇ ಬೈಂದೂರು ಕಡೆ ಹೊರಟೆವು. ಕಾರು ನುಣ್ಣಗೆ ಓಡಿತು. ಮರವಂತೆಯಲ್ಲಿ ಸಮುದ್ರದ ಬದಿ ಎಳನೀರು ಮಾರುವವನನ್ನು ಕಂಡು "ಬೊಂಡ ಕುಡಿವಾ ಮಾವ" ಎಂದೆ. ರಸ್ತೆಯ ಬದಿಗೆ ನಿಲ್ಲಿಸಿದರು. ಬಂದ್ ಮಾಡಲಿಲ್ಲ. ಕೀಯ ಮೇಲೆ ಕೈ ಇಟ್ಟು ಬೆವರುತ್ತ ಕೂತರು.

"ಆ ದಿನ ಎಂಜಿನ್ ತಾನಾಗಿ ನಿಂತದ್ದ್ ಅಲ್ಲ, ಹೆಣೆ" ಎಂದರು. "ಬಿಸಿ ಆಯ್ತ್, ಒಂದ್ ಗಳ್ಗಿ ತಣಿಲಿ ಅಂದ್ಕಂಡ್ ನಾನೇ ಬಂದ್ ಮಾಡಿದ್ದೆ. ನಿನ್ ಅಪ್ಪಯ್ಯ 'ಬೇಡ ಭಾವ' ಅಂದಿದ್ದ. ಮತ್ತೆ ಸ್ಟಾರ್ಟ್ ಆಯ್ಲಿಲ್ಲೆ."

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ. ಅವರ ಕೈಯ ಮೇಲೆ ಕೈ ಇಟ್ಟೆ.

"ನಾನ್ ಇಳಿತಿಲ್ಲೆ ಮಾವ. ಇಲ್ಲೇ ಇರ್ತೆ. ಬಂದ್ ಮಾಡಿ."

ಇಬ್ಬರೂ ಸೇರಿ ಕೀ ತಿರುಗಿಸಿದೆವು. ಸಮುದ್ರದ ಸದ್ದು ಒಮ್ಮೆಲೇ ಕಾರಿನೊಳಗೆ ಬಂತು. ಮಾವ ಕಣ್ಣು ಮುಚ್ಚಿ ಪುನಃ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್! ನಡುಕವಿಲ್ಲ, ಬಿಕ್ಕಳಿಕೆಯಿಲ್ಲ. ಅಂಗಿಯ ತುದಿಯಲ್ಲಿ ಕಣ್ಣೊರೆಸಿಕೊಂಡು ಅವರೇ ಮತ್ತೆ ಬಂದ್ ಮಾಡಿ, "ಹೋಯ್ ಬೊಂಡ ತಕಂಬಾ" ಎಂದರು.

ಬೊಂಡದವನ ಎದುರು ನಿಂತು ಹಿಂದಿರುಗಿ ನೋಡುತ್ತೇನೆ, ಕಾರು ಸದ್ದಿಲ್ಲದೆ ನಿಂತಿದೆ. ಮಾವ ಮಾತ್ರ ಕೀಯನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಬೆನ್ನಿಗೇ ಅಂಟಿಕೊಂಡು ನಿಂತಿದ್ದಾರೆ.

"ಇದೆಂತ ಮಾವ?"

"ಕಾರ್ ಬಂದ್ ಮಾಡ್ದೆ. ನಿನ್ನ ಒಬ್ಳನ್ನೇ ಕಳ್ಸುಕೆ ಮಾತ್ರ ಧೈರ್ಯ ಆಯ್ಲಿಲ್ಲೆ."