ನಮ್ಮ ಬಿಲ್ಡಿಂಗಿನ ಸೀರಿಯಲ್ ಪ್ರಶಸ್ತಿಗಳು

ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ನಾನು ಸೆಕ್ರೆಟರಿಯಾಗಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ನನಗೆ ಅರ್ಥವಾಗುವಂಥ ಸಂಗತಿ ಒಂದಾದರೂ ಇಲ್ಲಿ ನಡೆದ ನೆನಪಿಲ್ಲ. ನೀರು ಯಾಕೆ ಬರುವುದಿಲ್ಲ, ಬಂದರೆ ಮೂರನೇ ಮಹಡಿಗೆ ಯಾಕೆ ಏರುವುದಿಲ್ಲ, ಏರಿದರೆ ಎರಡನೇ ಮಹಡಿಯ ಗೋಡೆಯಲ್ಲಿ ಯಾಕೆ ಇಳಿಯುತ್ತದೆ, ಎಲ್ಲಕ್ಕೂ ನಾನೇ ಉತ್ತರ ಹೇಳಬೇಕು. ಇದು ಸಾಲದೆಂದು ಕಳೆದ ವರ್ಷ ಟಿವಿ ಸೀರಿಯಲ್ಲಿನವರಿಗೆ ಪ್ರಶಸ್ತಿ ಕೊಡುವ ಕೆಲಸವೂ ನನ್ನ ತಲೆಗೇ ಬಂದು ಕೂತಿತು.

ನಿಷ್ಪಕ್ಷಪಾತಿ

ಯಾವುದೋ ಚಾನೆಲ್ಲಿನವರು ಪ್ರಶಸ್ತಿ ಹಂಚಿದರು. ನಮ್ಮ ಹೆಂಗಸರಿಗೆ ಅದರಲ್ಲಿ ಒಂದೂ ಸರಿ ಕಾಣಲಿಲ್ಲ. ಮೆಟ್ಟಿಲ ಮೇಲೆ ಸಭೆ ಸೇರಿತು. ಪ್ರತಿ ಜನವರಿ ಇಪ್ಪತ್ತಾರಕ್ಕೆ ನಮ್ಮ ಬಿಲ್ಡಿಂಗಿನಲ್ಲಿ ಸತ್ಯನಾರಾಯಣ ಪೂಜೆ, ಸಂಜೆ ಕಂಪೌಂಡಿನಲ್ಲಿ ಆಟ, ಊಟ. ಈ ಸಲ ಅದೇ ಸಂಜೆ ನಮ್ಮದೇ ಪ್ರಶಸ್ತಿ ಎಂದು ತೀರ್ಮಾನವಾಯಿತು. ಮನೆಗೊಂದು ಪಟ್ಟಿ. ಯಾರಿಗೆ ಸಿಗಬೇಕೆಂದು ಆಸೆಯೋ ಅವರ ಹೆಸರು ಬರೆಯುವುದು. ಉತ್ತಮ ಅತ್ತೆ, ಉತ್ತಮ ಸೊಸೆ, ಉತ್ತಮ ವಿಲನ್, ಉತ್ತಮ ಧಾರಾವಾಹಿ, ಕೊನೆಗೆ ಉತ್ತಮ ಅಭಿನಯ. ಕೊನೆಯದಕ್ಕೆ ಟ್ರೋಫಿ, ಉಳಿದವಕ್ಕೆ ತೆಂಗಿನಕಾಯಿ.

"ಎಣಿಸುವುದು ನೀವೇ" ಎಂದರು ಚೇರ್ಮನ್ನರ ಹೆಂಡತಿ.

"ನಾನು ಒಂದು ಸೀರಿಯಲ್ಲೂ ನೋಡುವುದಿಲ್ಲವಲ್ಲ?"

"ಅದಕ್ಕೇ ನೀವು. ನೋಡುವವರಿಗೆ ಪಕ್ಷಪಾತ ಇರ್ತದೆ."

ಮೂವತ್ತು ವರ್ಷ ಬೈಕುಲ್ಲಾದ ಸಗಟು ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಯಾವ ಮಾಲು ಯಾರಿಗೆ ತಲುಪಬೇಕು ಎನ್ನುವುದು ಮೊದಲು ತಿಳಿಯಬೇಕು. "ಆ ನಟ ನಟಿಯರು ಇಲ್ಲಿಗೆ ಬರುತ್ತಾರಾ?" ಎಂದು ಕೇಳಿದೆ.

"ಅವರೆಲ್ಲಿ ಬರ್ತಾರೆ? ಹೆಸರು ಬರೆದ ಮನೆಯವರೊಬ್ಬರು ಅವರ ಪರವಾಗಿ ತಗೊಳ್ಳುವುದು."

"ಹಾಗಾದರೆ ಅವರಿಗೆ ತಿಳಿಸುವುದಾದರೂ ಬೇಡವಾ?"

"ಏನು ಮಾತು ಮಾರಾಯ್ರೆ! ತಿಳಿಸಿ, ಅವರು ಬಂದೇಬಿಟ್ಟರೆ? ಆಮೇಲೆ ಟ್ರೋಫಿ ಅವರಿಗೇ ಕೊಡಬೇಕಾಗ್ತದೆ!"

ಅಕ್ಕನ ಒಂದು ವೋಟು

ಮೊದಲ ಮಹಡಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಉಡುಪಿ ಕಡೆಯವರು. ಗಂಡ ಸಾಂತಾಕ್ರೂಜ್‌ನ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದು ಈಗ ಮನೆಯಲ್ಲಿದ್ದಾರೆ. ಅಕ್ಕ ಹನ್ನೊಂದು ವರ್ಷದಿಂದ ಸೀರಿಯಲ್ಲುಗಳಲ್ಲಿ ಜೂನಿಯರ್ ಆರ್ಟಿಸ್ಟ್. ಮದುವೆಯ ದೃಶ್ಯ ಇದ್ದರೆ ಮೂರನೇ ಸಾಲಿನಲ್ಲಿ ಕೂರುವುದು, ದೇವಸ್ಥಾನವಾದರೆ ಸುತ್ತು ಬರುವುದು, ಆಸ್ಪತ್ರೆಯಾದರೆ ಬೆಂಚಿನ ಮೇಲೆ ಕಾಯುವುದು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿದರೆ ಸಂಜೆಗೆ ವಾಪಸ್ಸು. ಹನ್ನೊಂದು ವರ್ಷದಲ್ಲಿ ಒಂದು ಮಾತಿನ ಡೈಲಾಗೂ ಸಿಕ್ಕಿಲ್ಲ.

ಪಟ್ಟಿಯ ಸುದ್ದಿ ಕೇಳಿ ಅಕ್ಕ ನಮ್ಮ ಮನೆಗೆ ಬಂದರು. ನೀರಿನ ಮೋಟರಿನಿಂದ ಶುರು ಮಾಡಿ, ಕೊತ್ತಂಬರಿ ಸೊಪ್ಪಿನ ರೇಟು, ಅವರ ತಂಗಿಯ ಮಂಡಿನೋವು ಎಲ್ಲ ಮುಗಿಸಿ ಮುಕ್ಕಾಲು ಗಂಟೆಯ ಮೇಲೆ ವಿಷಯಕ್ಕೆ ಬಂದರು.

"ಪ್ರಶಸ್ತಿ ನನಗೆ ಬೇಡ. ಯಾರದಾದರೂ ಪಟ್ಟಿಯಲ್ಲಿ ಒಂದು ಸಲ ನನ್ನ ಹೆಸರು ಬಂದರೆ ಸಾಕು. ಇಷ್ಟು ವರ್ಷ ಹೋಗಿ ಬಂದದ್ದು ಒಬ್ಬರಿಗಾದರೂ ಕಂಡಿದೆ ಅಂತ ಗೊತ್ತಾಗಬೇಕು. ಅಷ್ಟೇ."

ನನಗೆ ನಿಜಕ್ಕೂ ಪಾಪ ಅನ್ನಿಸಿತು. "ನಿಮ್ಮ ಮನೆಯ ಪಟ್ಟಿಯಲ್ಲಿ ನೀವೇ ಬರೆದುಕೊಳ್ಳಬಹುದಲ್ಲ ಅಕ್ಕ?"

"ನಾನು ಶೂಟಿಂಗಿಗೆ ಹೋದಾಗ ಇವರು ಬರೆದು ಕೊಟ್ಟಾಗಿದೆ."

"ಭಟ್ಟರು ನಿಮ್ಮ ಹೆಸರೇ ಬರೆದಿರಬಹುದು."

"ಇವರಾ? ಹೊರಡುವಾಗ ಯಾರಾದರೂ ಸೀನಿದರೆ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಕೂರುವ ಜನ. ಹೆಂಡತಿಯ ಹೆಸರು ಬರೆಯಲಿಕ್ಕೆ ಮೊದಲು ಪಂಚಾಂಗ ನೋಡಬೇಕು!"

ಫ್ರಿಜ್ಜಿನ ಮೇಲಿನ ಕಾಗದ

ಎರಡು ದಿನ ಬಿಟ್ಟು ಎರಡನೇ ಮಹಡಿಯ ಅಜ್ಜಿ ಏದುಸಿರು ಬಿಡುತ್ತ ನನ್ನ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಕಾಗದ. ಸೊಸೆ ಫ್ರಿಜ್ಜಿನ ಮೇಲೆ ಅಂಟಿಸಿಟ್ಟದ್ದಂತೆ.

"ಇದನ್ನು ಓದಿ. ನನಗೆ ನ್ಯಾಯ ಬೇಕು."

ಓದಿದೆ. 'ಉತ್ತಮ ಅತ್ತೆ: ಈ ವರ್ಷ ಯಾರೂ ಲಾಯಕ್ಕಿಲ್ಲ.' ಅದರ ಕೆಳಗೆ, 'ವಿಲನ್: ಮೂರು ಜನ ಇದ್ದಾರೆ, ಯೋಚಿಸಬೇಕು.'

ಇದು ಟಿವಿಯ ಅತ್ತೆಯಂದಿರ ಸಂಗತಿ, ನಿಮ್ಮ ಬಗ್ಗೆ ಅಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಜ್ಜಿ ನಂಬಲಿಲ್ಲ. ಸೊಸೆಯನ್ನೂ ಕರೆಸಿದೆ. ಅವಳು ಅಳುತ್ತ ಎಲ್ಲ ದೇವರ ಮೇಲೂ ಆಣೆ ಹಾಕಿದಳು. ಆಮೇಲೆ ಅಜ್ಜಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ವಲ್ಪ ತಣ್ಣಗಾಗಿ, ನನ್ನ ಹತ್ತಿರ ಬಂದು ಪಿಸುಗುಟ್ಟಿದರು:

"ಆಯಿತು, ಮೂವರಲ್ಲಿ ಒಬ್ಬಳು ನಾನು. ಉಳಿದಿಬ್ಬರು ಯಾರು ಅಂತ ಸ್ವಲ್ಪ ಕೇಳಿ ಹೇಳಿ."

ಮುಖ ಬದಲಾದವಳು

ಪಟ್ಟಿಗಳು ಬರತೊಡಗಿದವು. ನಟಿಯ ನಿಜವಾದ ಹೆಸರು ಒಬ್ಬರೂ ಬರೆದಿರಲಿಲ್ಲ. 'ಹಸಿರು ಸೀರೆಯವಳು', 'ವಿಷ ಹಾಕಿದವಳು', 'ವಿಷ ಕುಡಿದವಳು', 'ಸತ್ತು ವಾಪಸ್ಸು ಬಂದವಳು'. ಸತ್ತು ವಾಪಸ್ಸು ಬಂದವರು ಕನ್ನಡದಲ್ಲಿ ಇಬ್ಬರು, ಹಿಂದಿಯಲ್ಲಿ ನಾಲ್ವರು ಎಂದು ನನ್ನ ಹೆಂಡತಿ ತಿಳಿಸಿದಳು. ಒಂದು ಪಟ್ಟಿಯಲ್ಲಿ 'ಉತ್ತಮ ಸೊಸೆ: ಮುಖ ಬದಲಾಗುವ ಮೊದಲಿನವಳು' ಎಂದಿತ್ತು. ಇನ್ನೊಂದರಲ್ಲಿ 'ಮುಖ ಬದಲಾದ ಮೇಲಿನವಳು'.

"ಇದೇನಿದು?" ಎಂದೆ.

"ಅವಳಿಗೆ ಆಕ್ಸಿಡೆಂಟ್ ಆಗಿ ಆಪರೇಷನ್ ಆಯಿತು. ಆಮೇಲೆ ಬೇರೆ ನಟಿ."

"ಅಂದರೆ ಇಬ್ಬರೂ ಒಬ್ಬಳೇ?"

"ಕಥೆಯಲ್ಲಿ ಒಬ್ಬಳೇ."

"ಮತ್ತೆ ವೋಟು ಕೂಡಿಸಬೇಕಾ, ಬೇರೆ ಬೇರೆ ಇಡಬೇಕಾ?"

"ಹಳೆಯವಳು ಈಗ ಇನ್ನೊಂದು ಸೀರಿಯಲ್ಲಿನಲ್ಲಿ ಇವಳದೇ ನಾದಿನಿ."

ನಾನು ಪೆನ್ನು ಕೆಳಗಿಟ್ಟೆ. ನನಗೆ ಒಂದೂ ತಲೆಗೆ ಹೋಗುತ್ತಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡೆ.

"ಅವಳ ಸ್ವಂತ ಗಂಡನಿಗೇ ಆರು ತಿಂಗಳು ಗೊತ್ತಾಗಲಿಲ್ಲ, ಇನ್ನು ನಿಮಗೆಲ್ಲಿಂದ ಗೊತ್ತಾಗಬೇಕು?" ಎಂದಳು ಹೆಂಡತಿ.

ಕೈ ಹುಡುಕಿದ್ದು

ಅಕ್ಕನಿಗೆ ಒಂದು ವೋಟನ್ನಾದರೂ ಗಿಟ್ಟಿಸಬೇಕೆಂದು ನಾನೇ ಮನೆಮನೆಗೆ ಹೋದೆ. "ನಮ್ಮ ಅಕ್ಕನನ್ನು ನೀವು ಸೀರಿಯಲ್ಲಿನಲ್ಲಿ ನೋಡಿದ್ದೀರಲ್ಲ?" ಎಂದರೆ ಎಲ್ಲರೂ "ಯಾವುದರಲ್ಲಿ?" ಎನ್ನುತ್ತಿದ್ದರು. ಸರಿ, ಅಕ್ಕನನ್ನೇ ಕೇಳಿದೆ. ಅವರು ಬಹಳ ಯೋಚಿಸಿ, "ಮೊನ್ನೆಯ ಮದುವೆಯಲ್ಲಿ ಅಕ್ಷತೆ ಹಾಕುವಾಗ ನನ್ನ ಕೈ ಚೆನ್ನಾಗಿ ಬಂದಿದೆ" ಎಂದರು.

ಜನ್ಮದಲ್ಲಿ ಮೊದಲ ಬಾರಿ ಸೀರಿಯಲ್ ನೋಡಲು ಕೂತೆ, ಅದೂ ಫೋನಿನಲ್ಲಿ. ಅರ್ಧ ಗಂಟೆ ಕಳೆದರೂ ಮದುಮಗ ತಾಳಿ ಎತ್ತಿಕೊಂಡೇ ಇದ್ದ. ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸಿದರು. ಕೊನೆಗೂ ಅಕ್ಷತೆ ಬಿತ್ತು. ಎಂಟು ಹತ್ತು ಕೈಗಳು ಒಟ್ಟಿಗೆ ಕಂಡವು. ಅಲ್ಲೇ ನಿಲ್ಲಿಸಿ, ಎಡಗಡೆಯ ದುಂಡನೆಯ ಕೈಯ ಫೋಟೋ ತೆಗೆದು, 'ಇದೇ ಅಲ್ಲವಾ ಅಕ್ಕ? ಬಹಳ ಲಕ್ಷಣವಾಗಿದೆ' ಎಂದು ಬರೆದು ಕಳಿಸಿದೆ.

ಕೂಡಲೇ ಅಕ್ಕನ ಫೋನು ಬಂತು. "ಅದು ಪುರೋಹಿತರ ಕೈ ಮಾರಾಯ್ರೆ!"

ಮುಕಾದಮರ ಪಟ್ಟಿ

ನೆಲಮಹಡಿಯಲ್ಲಿ ವಿಜಯಪುರದ ಕಡೆಯ ಒಬ್ಬರಿದ್ದಾರೆ, ಕಟ್ಟಡದ ಕೆಲಸದಲ್ಲಿ ಕೂಲಿಯಾಳುಗಳ ಮೇಲ್ವಿಚಾರಣೆ ಮಾಡುವ ಮುಕಾದಮರು. ಅವರ ಪಟ್ಟಿಯಲ್ಲಿ ಎಲ್ಲ ಸಾಲುಗಳಲ್ಲೂ ಸೀರಿಯಲ್ಲಿನ ನಡುವೆ ಬರುವ ನೋವಿನ ಮುಲಾಮಿನ ಜಾಹೀರಾತು ಎಂದೇ ಬರೆದಿತ್ತು.

"ಇದು ಸೀರಿಯಲ್ ಅಲ್ಲವಲ್ಲ?" ಎಂದೆ.

"ನೋಡ್ರೀ ಸರ, ಅದರಾಗ ಅಕ್ಕೋರಿಗೆ ಸೊಂಟ ಹಿಡೀತೈತಿ, ಮುಲಾಮ ಹಚ್ಚತಾರ, ಅರ್ಧ ನಿಮಿಷದಾಗ ನಕ್ಕೋತ ಎದ್ದು ಹೊಂಟಬಿಡತಾರ. ಸೀರಿಯಲ್‌ನ್ಯಾಗ ನಾಕು ವರ್ಷದಿಂದ ಅಳಾಕತ್ತಾರ. ಒಬ್ಬರರೆ ಎದ್ದು ಹೋಗ್ಯಾರೇನ್ರೀ?"

ಎಣಿಕೆ

ಪೂಜೆಯ ಹಿಂದಿನ ದಿನ ಮಧ್ಯಾಹ್ನ ಎಣಿಸಲು ಕೂತೆ. ಅತ್ತೆ, ಸೊಸೆ, ವಿಲನ್ ಹೇಗೋ ಮುಗಿದವು. ಉತ್ತಮ ಅಭಿನಯದ ಸಾಲಿಗೆ ಬಂದಾಗ ಮೊದಲ ಕಾಗದದಲ್ಲಿ 'ಹೆಣ' ಎಂದಿತ್ತು. ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಂಡೆ. ಎರಡನೆಯದರಲ್ಲೂ ಹೆಣ. ಹೀಗೆ ಏಳು ಮನೆಯವರು ಹೆಣಕ್ಕೇ ವೋಟು ಹಾಕಿದ್ದರು. ಅದರಲ್ಲಿ ನನ್ನ ಮನೆಯೂ ಒಂದು.

ಯಾವುದೋ ಹಿಂದಿ ಸೀರಿಯಲ್ಲಿನಲ್ಲಿ ನಾಯಕನ ಸೋದರತ್ತೆಯಂತೆ. ಆಕೆ ಕಥೆಯೊಳಗೆ ಬಂದದ್ದೇ ಹೆಣವಾಗಿ. ಮಗ ವಿದೇಶದಿಂದ ಬರುವವರೆಗೆ ನಾಲ್ಕು ದಿನ ಹಾಲ್‌ನಲ್ಲಿ ಮಲಗಿಸಿದ್ದರಂತೆ. ಮೂಗಿಗೆ ಹತ್ತಿ, ಗದ್ದಕ್ಕೆ ಕಟ್ಟಿದ ಬಟ್ಟೆ, ಮೇಲೆ ಹೂವಿನ ರಾಶಿ.

"ಅಷ್ಟು ಜನ ಮೈಮೇಲೆ ಬಿದ್ದು ಅತ್ತರೂ ಒಂದು ಎವೆ ಅಲ್ಲಾಡಲಿಲ್ಲ" ಎಂದಳು ನನ್ನ ಹೆಂಡತಿ. "ನಾನು ಟಿವಿಯ ಹತ್ತಿರ ಹೋಗಿ ನೋಡಿದೆ. ಉಸಿರಾಡಿದ್ದೂ ಕಾಣಲಿಲ್ಲ. ಉಳಿದವರೆಲ್ಲ ಅಳುವ ನಾಟಕ ಮಾಡಿದರು, ನಿಜವಾಗಿ ನಟಿಸಿದ್ದು ಅದೊಂದೇ."

ನನಗೆ ಸಿಟ್ಟು ಬಂದದ್ದು ಏಳನೆಯ ಕಾಗದ ನೋಡಿ. ಅದು ಭಟ್ಟರ ಕೈಬರಹ. ಇಡೀ ಪಟ್ಟಿ ತಿರುವಿದರೂ ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಹನ್ನೊಂದು ವರ್ಷ ಲೋಕಲ್ ಹತ್ತಿ ಇಳಿದ ಸ್ವಂತ ಹೆಂಡತಿಯನ್ನು ಬಿಟ್ಟು ಈ ಮನುಷ್ಯ ಹೋಗಿ ಹೋಗಿ ಹೆಣಕ್ಕೆ ವೋಟು ಹಾಕಿದ್ದಾನಲ್ಲ!

ಟ್ರೋಫಿ

ಮರುದಿನ ಸಂಜೆ ಕಾರ್ಯಕ್ರಮ ನಡೆಸಿದ್ದು ಚೇರ್ಮನ್ನರ ಮಗಳು, ಕಾಲೇಜು ಓದುವವಳು. ಕನ್ನಡ ಅರ್ಥವಾಗುತ್ತದೆ, ನಾಲಿಗೆ ಮಾತ್ರ ಅಷ್ಟಾಗಿ ಹೊರಳುವುದಿಲ್ಲ. ತೆಂಗಿನಕಾಯಿಗಳು ಮುಗಿದವು. ನಾನು ಕೊಟ್ಟ ಚೀಟಿ ಬಿಡಿಸಿ, "ಉತ್ತಮ ಅಭಿನಯ... ಹೆ... ಹೆಣ" ಎಂದು ಓದಿ, ಮೈಕಿನಲ್ಲೇ ನನ್ನನ್ನು ಕೇಳಿದಳು:

"ಅಂಕಲ್, ಹೆಣ ಮತ್ಲಬ್?"

"ಡೆಡ್ ಬಾಡಿ" ಎಂದೆ.

"ಓ! ಅಂದ್ರೆ ಅವರು ಬರೋದಿಲ್ಲ ನಾ?"

"ಪರವಾಗಿ ತಗೊಳ್ಳುವವರು ಬನ್ನಿ" ಎಂದು ನಾನೇ ಮೈಕು ತೆಗೆದುಕೊಂಡು ಕರೆದೆ. ಯಾರೂ ಏಳಲಿಲ್ಲ. ಬೆಳಿಗ್ಗೆ ತಾನೇ ಸತ್ಯನಾರಾಯಣ ಪೂಜೆಯಾಗಿದೆ. ಹೆಣದ ಪರವಾಗಿ ಟ್ರೋಫಿ ಹಿಡಿದು ಮನೆಗೆ ಹೋಗುವುದು ಹೇಗೆ? ನನ್ನ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಆಕಾಶ ನೋಡಿದಳು. ಭಟ್ಟರು ಕುರ್ಚಿ ಸಮೇತ ಹಿಂದೆ ಸರಿದು, "ಇಂಥ ದಿನ ಇಂಥ ಅಪಶಕುನವಾ! ನನ್ನ ವೋಟು ನಾನು ವಾಪಸ್ಸು ತಗೊಂಡಿದ್ದೇನೆ" ಎಂದರು. ಪಕ್ಕದಲ್ಲಿ ಕೂತ ಅಕ್ಕನ ಮುಖ ಕೆಂಪಾಗಿತ್ತು. ಒಂದು ಸಲ ಟ್ರೋಫಿ ನೋಡುವುದು, ಒಂದು ಸಲ ಗಂಡನನ್ನು ನೋಡುವುದು. ಒಂದು ವೋಟೂ ಬೀಳಲಿಲ್ಲವೆಂಬ ಸಂಕಟ ಎಂದುಕೊಂಡೆ.

ಚೇರ್ಮನ್ನರು ಎದ್ದು, "ಯಾರಿಗೂ ಬೇಡದಿದ್ದರೆ ಎರಡನೇ ಸ್ಥಾನದವರಿಗೆ ಕೊಟ್ಟುಬಿಡುವ" ಎಂದರು.

"ಬೇಡ! ಕೊಡಬೇಡಿ!" ಎಂದು ಅಕ್ಕ ಎದ್ದು ನಿಂತರು. "ಅದು ಇಲ್ಲಿ ಕೊಡಿ."

"ನೀವು ಯಾಕಕ್ಕ ಹೆಣದ ಪರವಾಗಿ ಬರುತ್ತೀರಿ?" ಎಂದೆ ನಾನು.

"ಪರವಾಗಿ ಅಲ್ಲ ಮಾರಾಯ್ರೆ. ಹೆಣ ನಾನೇ!"

ಹೀಗೆ ಹೆಣವಾಗಿ ಮಲಗಿದ್ದು ಗಂಡನಿಗೆ ಗೊತ್ತಾದರೆ ಅಪಶಕುನವೆಂದು ಇನ್ನು ಶೂಟಿಂಗಿಗೇ ಕಳಿಸುವುದಿಲ್ಲ ಎಂದು ಹೆದರಿ ಅಕ್ಕ ಯಾರಿಗೂ ಹೇಳಿರಲಿಲ್ಲವಂತೆ. ಒಂದು ವೋಟು ಬೇಡಿದವರಿಗೆ ಏಳು ಬಿದ್ದಿವೆ. ಅಕ್ಕ ಬಂದು ಟ್ರೋಫಿಯನ್ನು ಎದೆಗೆ ಅವಚಿಕೊಂಡರು. ಕಣ್ಣು ತುಂಬಿತ್ತು. ನಾವೆಲ್ಲ ಚಪ್ಪಾಳೆ ತಟ್ಟುವುದೋ ಬೇಡವೋ ತಿಳಿಯದೆ ಭಟ್ಟರನ್ನು ನೋಡಿದೆವು.

ಭಟ್ಟರು ಬೈಯಲಿಲ್ಲ. ಹಿಂದೆ ಸರಿಸಿದ ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಅವರಿಂದ ಒಂದೇ ಪ್ರಶ್ನೆ ಹೊರಟಿತು.

"ಅಲ್ಲ ಮಾರಾಯ್ತಿ, ನಾಲ್ಕು ದಿನ ಟಿವಿ ಎದುರು ಕೂತು ನಿನ್ನನ್ನೇ ನೋಡಿದ್ದೇನೆ. ನನಗೆ ಗುರುತೇ ಸಿಗಲಿಲ್ಲವಲ್ಲ?"

"ಹೇಗೆ ಸಿಗ್ತದೆ?" ಎಂದರು ಅಕ್ಕ, ಮೈಕಿನಲ್ಲೇ. "ಮದುವೆಯಾಗಿ ಮೂವತ್ತೈದು ವರ್ಷ ಆಯಿತು. ನಾನು ಬಾಯಿ ಮುಚ್ಚಿಕೊಂಡಿದ್ದದ್ದು ನೀವು ಒಂದು ದಿನ ಆದರೂ ನೋಡಿದ್ದುಂಟಾ?"